ಡಿಎಸ್‌ಎಲ್‌ಆರ್‌ಗೆ ನೀರೊಳಗಿನ ಹೌಸಿಂಗ್: ಮೊದಲು ಲೆನ್ಸ್ ಗೊತ್ತುಮಾಡಿಕೊಳ್ಳಿ

ಪ್ರಶ್ನೆ: ನನ್ನಲ್ಲಿ ಎಪಿಎಸ್-ಸಿ ಸೆನ್ಸರ್‌ನ ಡಿಎಸ್‌ಎಲ್‌ಆರ್, 18-55 ಎಂಎಂ ಲೆನ್ಸ್ ಇವೆ. 18 ಮೀಟರ್ ಆಳದವರೆಗೆ ಡೈವಿಂಗ್ ಮಾಡುತ್ತೇನೆ. ಕ್ಯಾಮೆರಾಗೆ ನೀರು ತಾಗದಂತೆ ಮುಚ್ಚುವ ಹೌಸಿಂಗ್ ಪಾಲಿಕಾರ್ಬೊನೇಟ್‌ನದು (ಗಟ್ಟಿ ಪ್ಲಾಸ್ಟಿಕ್) ಸಾಕೇ, ಅಲ್ಯೂಮಿನಿಯಂನದೇ ಬೇಕೇ? ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಉತ್ತರ: ಆಳದ ಲೆಕ್ಕಕ್ಕೆ ಎರಡೂ ಸಾಕು. 18 ಮೀಟರ್‌ನಲ್ಲಿ ಒತ್ತಡ ಮೇಲ್ಮೈಯ ಸುಮಾರು 2.8 ಪಟ್ಟು. ಪಾಲಿಕಾರ್ಬೊನೇಟ್ ಹೌಸಿಂಗ್‌ಗಳು ಸಾಮಾನ್ಯವಾಗಿ 40ರಿಂದ 60 ಮೀಟರ್ ತಾಳುತ್ತವೆ, ಅಲ್ಯೂಮಿನಿಯಂನವು 100 ಮೀಟರ್‌ವರೆಗೂ ಹೋಗುತ್ತವೆ. ಅಲ್ಯೂಮಿನಿಯಂನಲ್ಲಿ ಗುಂಡಿಗಳು ಬೆರಳಿಗೆ ಚೆನ್ನಾಗಿ ಸಿಗುತ್ತವೆ, ಬಾಳಿಕೆಯೂ ಹೆಚ್ಚು, ಬೆಲೆಯೂ ಹಾಗೆಯೇ.

ಚಿತ್ರ ಚೆನ್ನಾಗಿ ಬರುವುದು ಬಿಡುವುದು ಪೋರ್ಟ್‌ಗೆ, ಅಂದರೆ ಲೆನ್ಸ್ ಮುಂದೆ ಬರುವ ಹೌಸಿಂಗ್‌ನ ಪಾರದರ್ಶಕ ಕಿಟಕಿಗೆ ಸೇರಿದ್ದು. ಚಿಕ್ಕ ಜೀವಿಗಳಿಗೆ 60 ಎಂಎಂ ಮ್ಯಾಕ್ರೋ ಲೆನ್ಸ್, ಫ್ಲ್ಯಾಟ್ (ಚಪ್ಪಟೆ) ಪೋರ್ಟ್ ಸಾಕು. ಅದರ ಮೂಲಕ ವಸ್ತು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಮ್ಯಾಕ್ರೋಗೆ ಅದು ಲಾಭವೇ. ಅದೇ ಪೋರ್ಟ್‌ಗೆ ವೈಡ್ ಲೆನ್ಸ್ ಹಾಕಿದರೆ ನೋಟದ ಕೋನ ಕುಗ್ಗುತ್ತದೆ, ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ. ಬಂಡೆ, ಹವಳ, ಡೈವರ್‌ಗಳಿಗೆ ಡೋಮ್, ಅಂದರೆ ಗುಮ್ಮಟದಂತೆ ಉಬ್ಬಿದ ಪೋರ್ಟ್ ಬೇಕು.

ಡೋಮ್‌ನಲ್ಲಿ ಎಡವುವುದು ಫೋಕಸ್‌ನಲ್ಲಿ. ಮುಂದೆ ನೀರಿದ್ದಾಗ ಡೋಮ್ ತಾನೇ ಒಂದು ಲೆನ್ಸ್‌ನಂತಾಗಿ, ಎಷ್ಟೋ ದೂರದ ಬಂಡೆಯನ್ನೂ ತನ್ನ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ ಇದೆಯೆಂಬಂತೆ ತೋರಿಸುತ್ತದೆ. ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ ಅದು ಡೋಮ್‌ನಿಂದ ಬರೀ 30 ಸೆಂಟಿಮೀಟರ್. ಹತ್ತಿರದ ಮೀನು ಇನ್ನೂ ಹತ್ತಿರ. ಅಷ್ಟು ಸಮೀಪಕ್ಕೆ ಫೋಕಸ್ ಆಗದ ಲೆನ್ಸ್ ಅಲ್ಲಿ ಕೆಲಸಕ್ಕೆ ಬಾರದು. ತೀರಾ ಹತ್ತಿರಕ್ಕೂ ಫೋಕಸ್ ಆಗುವ 10-17 ಎಂಎಂ ಫಿಶ್‌ಐ (ಅತಿ ಅಗಲ ನೋಟದ ಲೆನ್ಸ್) ಜನಪ್ರಿಯವಾಗಿರುವುದು ಇದಕ್ಕೇ. 18-55ಕ್ಕೆ ಹೌಸಿಂಗ್ ತಯಾರಕರ ಪೋರ್ಟ್ ಪಟ್ಟಿ ನೋಡಿ: ಯಾವ ಡೋಮ್, ಎಷ್ಟು ಉದ್ದದ ಎಕ್ಸ್‌ಟೆನ್ಷನ್ ರಿಂಗ್ (ಹೌಸಿಂಗ್‌ಗೂ ಪೋರ್ಟ್‌ಗೂ ನಡುವೆ ಕೂಡುವ ಬಳೆ) ಎಂದು ಅದರಲ್ಲೇ ಇರುತ್ತದೆ. ರಿಂಗ್ ಉದ್ದ ತಪ್ಪಿದರೆ ಮೂಲೆಗಳು ಮಸುಕಾಗುತ್ತವೆ.

ಸ್ಟ್ರೋಬ್‌ಗೂ (ಹೌಸಿಂಗ್‌ನ ಹೊರಗೆ ಜೋಡಿಸುವ ಫ್ಲ್ಯಾಷ್) ಹಣ ತೆಗೆದಿಡಿ. ಐದಾರು ಮೀಟರ್‌ಗೆಲ್ಲ ಕೆಂಪು ಬಹುಪಾಲು ಕಾಣೆಯಾಗುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಷ್ ಲೆನ್ಸ್ ಪಕ್ಕದಲ್ಲೇ ಇರುವುದರಿಂದ ನೀರಿನ ಕಣಗಳನ್ನೇ ಬೆಳಗಿಸಿ ಚಿತ್ರದ ತುಂಬ ಬಿಳಿ ಚುಕ್ಕೆ ಹರಡುತ್ತದೆ.

ಇನ್ನು ಓ-ರಿಂಗ್, ಅಂದರೆ ಹೌಸಿಂಗ್‌ನ ಸಂದಿಗಳಲ್ಲಿ ನೀರು ತಡೆಯುವ ರಬ್ಬರ್ ಬಳೆ. ಒಂದೇ ಒಂದು ಕೂದಲು ಅಡ್ಡ ಬಿದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಲೋಹದ ಮೊನೆ ತಾಗಿಸದೆ ರಿಂಗನ್ನು ಹೊರತೆಗೆಯಿರಿ, ತೋಡನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಎಳೆ ಉಳಿದಿದೆಯೇ ನೋಡಿ. ಬೆರಳುಗಳ ನಡುವೆ ರಿಂಗನ್ನು ಸುತ್ತಲೂ ಜಾರಿಸಿ: ಮರಳಿದ್ದರೆ ಚರ್ಮಕ್ಕೆ ಚುಚ್ಚುತ್ತದೆ. ಗ್ರೀಸ್ ಹೊಳಪು ಬರುವಷ್ಟೇ ಸವರಿ, ತಯಾರಕರು ಹೇಳಿದ್ದನ್ನೇ ಬಳಸಿ; ಸಿಲಿಕೋನ್ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿದರೆ ಅದು ಉಬ್ಬಿಹೋಗಬಹುದು. ನೀರನ್ನು ತಡೆಯುವುದು ಅದುಮಿದ ರಬ್ಬರು, ಗ್ರೀಸ್ ಅಲ್ಲ.

ಸೋರಿಕೆ ಹೆಚ್ಚಾಗಿ ಮೇಲಿನ ಒಂದೆರಡು ಮೀಟರ್‌ನಲ್ಲೇ ಆಗುತ್ತದೆ, ಏಕೆಂದರೆ ಮುಚ್ಚಳವನ್ನು ಬಿಗಿಯಾಗಿ ಒತ್ತುವಷ್ಟು ಒತ್ತಡ ಅಲ್ಲಿರುವುದಿಲ್ಲ. ಹಾಗಾಗಿ ವ್ಯಾಕ್ಯೂಮ್ ವಾಲ್ವ್ ಇರುವ ಹೌಸಿಂಗನ್ನೇ ಆರಿಸಿ. ಪಂಪ್‌ನಿಂದ ಗಾಳಿ ಎಳೆದು ಅರ್ಧ ಗಂಟೆ ಬಿಟ್ಟರೆ ಸೋರುತ್ತದೋ ಇಲ್ಲವೋ ದಡದಲ್ಲೇ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಕೊಳ್ಳಿ, ಆದರೆ ಹೌಸಿಂಗ್ ನಿಮ್ಮ ಮಾಡೆಲ್‌ನದೇ ಇರಬೇಕು; ಒಂದೇ ಕಂಪನಿಯ ಮುಂದಿನ ಮಾಡೆಲ್‌ಗೂ ಗುಂಡಿಗಳ ಜಾಗ ಹೊಂದುವುದಿಲ್ಲ. ಗುಂಡಿಗಳ ಒಳಗಿನ ಸಣ್ಣ ಓ-ರಿಂಗ್‌ಗಳನ್ನು ನಾವು ಬಿಚ್ಚಿ ನೋಡಲಾಗದು, ಕೊಂಡ ಕೂಡಲೇ ಸರ್ವಿಸ್ ಮಾಡಿಸಿ. ಬಿಡಿಭಾಗ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಮೊದಲ ಡೈವ್‌ಗೆ ಕ್ಯಾಮೆರಾ ಇಡದೆ, ಒಳಗೆ ಟಿಶ್ಯೂ ಕಾಗದ ಹಾಕಿ ಇಳಿಸಿ. ಮೇಲೆ ಬಂದಾಗ ಕಾಗದ ಒದ್ದೆಯಾಗಿದ್ದರೆ, ಯಾವ ಕಡೆ ಒದ್ದೆಯಾಗಿದೆ ಎನ್ನುವುದು ಸೋರುವ ಜಾಗದ ಸುಳಿವು ಕೊಡುತ್ತದೆ.