ಪ್ರಶ್ನೆ: ನಮ್ಮದು ಕುಂಬಳೆ ಕಡೆ. ಗಲ್ಫ್ ಕೆಲಸಕ್ಕೆ ಹೊರಟಿದ್ದೇನೆ. ಇಂಗ್ಲಿಷಿನ 'ಪುಟ್' ಪದದ ಎಲ್ಲ ಅರ್ಥ ಬಾಯಿಪಾಠ ಮಾಡಿದರೆ ಸಾಕಾ?

ಪುಟ್ ಆಫ್, ಪುಟ್ ಅಪ್, ಪುಟ್ ಔಟ್ ಅಂತ ನೋಟ್‌ಬುಕ್ ತುಂಬಿಸಿದವನು ನಾನೂ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂನಲ್ಲಿ ಓದಿ, ಆ ನೋಟ್‌ಬುಕ್ ಸಮೇತ ದುಬೈಗೆ ಹೋದೆ. ದೇರಾದಲ್ಲಿ ಹಣ್ಣು ತರಕಾರಿಯ ಹೋಲ್‌ಸೇಲ್ ಅಂಗಡಿ. ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವುದು ನನ್ನ ಕೆಲಸ.

ಒಂದು ಹೋಟೆಲಿನವರು ಮದುವೆ ಪಾರ್ಟಿಗೆ 25 ಪೆಟ್ಟಿಗೆ ಬೊಂಡ, ಅಂದರೆ ಎಳನೀರು, ಹೇಳಿದ್ದರು. ಹಿಂದಿನ ದಿನ ಅವರ ಮ್ಯಾನೇಜರ್ ಫೋನ್ ಮಾಡಿ, "ಪುಟ್ ಮಿ ಡೌನ್ ಫಾರ್ ಟೆನ್ ಮೋರ್" ಅಂದ. ನನ್ನ ಪಟ್ಟಿಯಲ್ಲಿ ಪುಟ್ ಡೌನ್ ಅಂದರೆ ಕೆಳಗಿಡು, ಅವಮಾನ ಮಾಡು, ದಂಗೆ ಅಡಗಿಸು. ಬೊಂಡಕ್ಕೆ ಎಂತ ದಂಗೆ? ಡೌನ್ ಅಂದರೆ ಇಳಿಸು, ಇನ್ನೂ ಹತ್ತು ಇಳಿಸು ಅಂತಿದ್ದಾನೆ ಅಂತ ನಾನೇ ಅರ್ಥ ಕಟ್ಟಿದೆ. 25 ಹೊಡೆದು 15 ಬರೆದೆ.

ಅವನು ಹೇಳಿದ್ದು, ನನ್ನ ಹೆಸರಿಗೆ ಇನ್ನೂ ಹತ್ತು ಬರೆದುಕೋ ಅಂತ. ಬೇಕಿದ್ದದ್ದು 35. ಗುಟ್ಟೆಲ್ಲ ಆ 'ಫಾರ್'ನಲ್ಲಿತ್ತು. ಹತ್ತು ಇಳಿಸುವುದಾದರೆ 'ಬೈ' ಅನ್ನಬೇಕಿತ್ತು. 'ಫಾರ್' ನನಗೆ ಕೇಳಿಸಿತ್ತು, ಆದರೆ ಸಣ್ಣ ಪದ ಅಂತ ಬಿಟ್ಟೆ. "ಒಟ್ಟು ಎಷ್ಟು ಸರ್?" ಅಂತ ಕೇಳಿದ್ದರೂ ಸಾಕಿತ್ತು. ಕೇಳಿದರೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾಗುತ್ತಲ್ಲ, ಆ ನಾಚಿಕೆ. ಸಂಬಳದಲ್ಲಿ 600 ದಿರ್ಹಂ ಕಟ್ ಆಯಿತು. ಮರುವಾರ ಅವನು ಫೋನ್ ಮಾಡಿದಾಗ ನನ್ನ ದನಿ ಕೇಳಿ, "ಪುಟ್ ಮಿ ಥ್ರೂ ಟು ಸಮ್‌ಒನ್ ಎಲ್ಸ್" ಅಂದ. ಬೇರೆ ಯಾರಿಗಾದರೂ ಫೋನ್ ಕೊಡು ಅಂತ. ಅದು ಮಾತ್ರ ತಕ್ಷಣ ಅರ್ಥವಾಯಿತು!

ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗಾದರೆ ಪಟ್ಟಿ ಓದಿಕೊಳ್ಳಿ. ಕೆಲಸಕ್ಕಾದರೆ ಸುಮ್ನೆ ಟೈಮ್ ವೇಸ್ಟ್. ಅದಕ್ಕೆ ಕೊನೆಯೂ ಇಲ್ಲ. 'ರನ್' ಅನ್ನೋ ಒಂದು ಕ್ರಿಯಾಪದಕ್ಕೇ ಆಕ್ಸ್‌ಫರ್ಡ್ ನಿಘಂಟಿನವರು 645 ಅರ್ಥ ಕೊಟ್ಟಿದ್ದಾರೆ.

ನೀವೂ ನಮ್ಮ ಜಿಲ್ಲೆಯ ಕುಂಬಳೆ ಕಡೆಯವರು ಅಂತ ಬರೆದಿದ್ದೀರಿ. ಮಲಯಾಳ ಯಾವ ಪಟ್ಟಿ ನೋಡಿ ಕಲಿತಿರಿ? ನಾವು ಕನ್ನಡದಲ್ಲಿ ಅಂಗಿ ಹಾಕಿದರೆ ಮಲಯಾಳಿಗಳು ಅಂಗಿ 'ಇಡು'ತ್ತಾರೆ. ಬೀಗ ಹಾಕು, ಲೆಕ್ಕ ಹಾಕು, ಟೋಪಿ ಹಾಕು, ಇವನ್ನೆಲ್ಲ ಯಾರಾದರೂ ಬಾಯಿಪಾಠ ಮಾಡಿಸಿದ್ದರಾ? ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಪೂರ್ತಿ ಮಾತು ಕಿವಿಗೆ ಬಿದ್ದು ಬಂದದ್ದು ಅಲ್ವಾ?

ಹಾಗಾಗಿ ಬರೆಯುವುದಾದರೆ ಇಡೀ ವಾಕ್ಯ ಬರೆದಿಡಿ. ಯಾರು, ಯಾವಾಗ ಹೇಳಿದ್ದು ಅನ್ನೋದೂ ಇರಲಿ. ನನ್ನ ಎರಡನೇ ನೋಟ್‌ಬುಕ್ಕಿನ ಮೊದಲ ಸಾಲು ಆ ಮ್ಯಾನೇಜರನದ್ದೇ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 35 ಅಂತ ಇದೆ.