ಏನು ಮಾಡಿತು?

ಮಾನ್ಯರೇ,

ಬ್ಯಾಕ್ಟೀರಿಯಾದ ಕಿಣ್ವಗಳು ನಮ್ಮ ರೋಗರಕ್ಷಕ ಟಿ-ಕೋಶಗಳನ್ನು ತಡೆಯುವ ಬಗೆ ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಿಂದ ಆರಂಭಿಸಿರುವುದು ಚೆನ್ನಾಗಿದೆ. ವಿಷಯದ ಆಯ್ಕೆಯೂ ಒಳ್ಳೆಯದು. ಆದರೆ ಎರಡನೆಯ ಪುಟ ನನಗೆ ಸಿಟ್ಟು ತರಿಸಿತು.

“ಪ್ಲೇಗಿನ ರೋಗಾಣುವಾದ ಯರ್ಸಿನಿಯಾದ ಯೋಪ್-ಎಚ್ ಕಿಣ್ವವು ಟಿ-ಕೋಶಗಳ ಸಕ್ರಿಯತೆಯ ಮೇಲೆ ಗಾಢ ಪರಿಣಾಮ ಬೀರುತ್ತದೆ” ಎಂದಿದ್ದೀರಿ. ಬಿಸಿಲೂ ಪರಿಣಾಮ ಬೀರುತ್ತದೆ, ಬೈಗುಳವೂ ಬೀರುತ್ತದೆ. ಕಿಣ್ವದ ಕೆಲಸವೇನೆಂಬುದು ನಿಮ್ಮದೇ ಚಿತ್ರದಲ್ಲಿದೆ: ಟಿ-ಕೋಶದ ಗ್ರಾಹಕವು ತಾನು ಗುರುತಿಸಬೇಕಾದ ಅಣುವನ್ನು ಹಿಡಿದಾಗ ಎಲ್‌ಸಿಕೆ ಎಂಬ ಕಿಣ್ವ ಗ್ರಾಹಕದ ಒಳತುದಿಯಲ್ಲಿರುವ ಟೈರೊಸಿನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಸೇರಿಸುತ್ತದೆ, ಆ ಫಾಸ್ಫೇಟ್ ಇರುವಲ್ಲಿಗೆ ಜ್ಯಾಪ್-70 ಎಂಬ ಇನ್ನೊಂದು ಕಿಣ್ವ ಬಂದು ಕೂರುತ್ತದೆ, ಅದು ಎಲ್‌ಎಟಿ ಎಂಬ ಪ್ರೋಟೀನಿಗೆ ಮತ್ತಷ್ಟು ಫಾಸ್ಫೇಟ್ ಸೇರಿಸಿ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ; ಬ್ಯಾಕ್ಟೀರಿಯಾ ಸೂಜಿಯಂಥ ರಚನೆಯ ಮೂಲಕ ಕೋಶದೊಳಕ್ಕೆ ತೂರಿಸಿದ ಯೋಪ್-ಎಚ್ ಈ ಎಲ್‌ಸಿಕೆ, ಎಲ್‌ಎಟಿಗಳ ಮೇಲಿನ ಫಾಸ್ಫೇಟನ್ನೇ ಕಿತ್ತುಹಾಕುತ್ತದೆ. ‘ಕಿತ್ತುಹಾಕುತ್ತದೆ’ ಎಂದು ಬರೆದಿದ್ದರೆ ‘ಗಾಢ’ ಎಂಬ ಪದ ಬೇಕಾಗುತ್ತಲೇ ಇರಲಿಲ್ಲ.

ಮುಂದಿನ ವಾಕ್ಯ: “ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಆಸ್ಪ್ಯಾರಜಿನೇಸ್ ಕಿಣ್ವ ಕೂಡ ಇದೇ ರೀತಿ ಪರಿಣಾಮ ಬೀರುತ್ತದೆ.” ಅಲ್ಲಿ ಸೋಮಾರಿತನವಾಗಿದ್ದದ್ದು ಇಲ್ಲಿ ತಪ್ಪೇ ಆಗಿದೆ. ಈ ಕಿಣ್ವ ಸಂದೇಶದ ದಾರಿಗೆ ನೇರವಾಗಿ ಕೈಹಾಕುವುದಿಲ್ಲ. ಟಿ-ಕೋಶ ವೃದ್ಧಿಯಾಗಲು ಬೇಕಾದ ಆಸ್ಪ್ಯಾರಜಿನ್ ಎಂಬ ಅಮೈನೊ ಆಮ್ಲವನ್ನು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆದು, ಕೋಶವನ್ನು ಉಪವಾಸ ಕೆಡವುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾದ ಇಂಥದೇ ಕಿಣ್ವ ಮಕ್ಕಳ ರಕ್ತಕ್ಯಾನ್ಸರಿಗೆ ಔಷಧಿಯಾಗಿದೆ ಎಂದು ನೀವೇ ಕೊನೆಯಲ್ಲಿ ಹೇಳುತ್ತೀರಿ. ಆ ಕ್ಯಾನ್ಸರ್ ಕೋಶಗಳೂ ಆಸ್ಪ್ಯಾರಜಿನ್‌ಗಾಗಿ ರಕ್ತವನ್ನೇ ನೆಚ್ಚಿಕೊಂಡಿವೆ ಎಂಬುದನ್ನು ಬಿಟ್ಟಿರುವುದರಿಂದ ಓದುಗರಿಗೆ ಅದು ಪವಾಡದಂತೆ ಕಾಣುತ್ತದೆ.

ನಾನು ಮಾಸಪತ್ರಿಕೆಯೊಂದಕ್ಕೆ ಕರಡು ತಿದ್ದಲು ಸೇರಿದ ಹೊಸದರಲ್ಲಿ ಯೂರಿಯಾ ಗೊಬ್ಬರದ ಬಗ್ಗೆ ಲೇಖನ ಬರೆದಿದ್ದೆ. ಸಂಪಾದಕರು ‘ಪರಿಣಾಮ’ ಎಂದಿದ್ದ ಏಳು ಕಡೆಯೂ ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಪಕ್ಕದಲ್ಲಿ ‘ಏನು ಮಾಡಿತು?’ ಎಂದಷ್ಟೇ ಬರೆದು ಮರಳಿಸಿದರು. ಮೂರು ಕಡೆ ಉತ್ತರ ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ ಆ ವಾಕ್ಯಗಳನ್ನೇ ಹೊಡೆದುಹಾಕಿದೆ. ನಿಮಗೆ ಉತ್ತರ ಗೊತ್ತಿದ್ದೂ ಬರೆದಿಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಎರಡನೆಯ ಪುಟವನ್ನಷ್ಟೇ ತಿದ್ದಿ ಕಳುಹಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ಇಂತು,
ಸಂಪಾದಕ