ಅಮೆರಿಕದ ಚಳಿ ಊರಲ್ಲಿದ್ದೇವೆ. ಪಿಂಕ್ ಬ್ರಾಂಡಿವೈನ್ ಟೊಮೆಟೊವನ್ನು ಬೀಜದಿಂದ ಬೆಳೆಸುವುದು ಹೇಗೆ?

ನಿಮ್ಮೂರಲ್ಲಿ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ (ಫ್ರಾಸ್ಟ್) ಕೊನೆಯ ಸಲ ಯಾವಾಗ ಬೀಳುತ್ತದೆ ನೋಡಿಕೊಂಡು, ಅದಕ್ಕೆ 6-8 ವಾರ ಮೊದಲು ಮನೆಯೊಳಗೆ ಬೀಜ ಹಾಕಿ. ಅರ್ಧ ಸೆಂಟಿಮೀಟರ್ ಆಳ ಸಾಕು. ಮಣ್ಣು 25 ಡಿಗ್ರಿ ಆಸುಪಾಸು ಬೆಚ್ಚಗಿದ್ದರೆ ಒಂದು ವಾರದಲ್ಲಿ ಮೊಳಕೆ ಬರುತ್ತದೆ. ಎಲೆ ನೋಡಿ ಬೇರೆ ಬೀಜ ಬಂತಾ ಅಂದುಕೊಳ್ಳಬೇಡಿ. ಅಂಚಿನಲ್ಲಿ ಕಚ್ಚುಗಳಿಲ್ಲದೆ ಥೇಟ್ ಆಲೂಗಡ್ಡೆ ಎಲೆಯ ಹಾಗೆ ಇರುತ್ತದೆ, ಈ ತಳಿಯ ಗುರುತೇ ಅದು.

ಕಿಟಕಿ ಬೆಳಕು ಸಾಲದೆ ಸಸಿ ಸುಮ್ನೆ ಉದ್ದಕ್ಕೆ ಹೋಗಿದ್ದರೂ ಚಿಂತೆಯಿಲ್ಲ. ಒಂದು ವಾರ ದಿನಕ್ಕಿಷ್ಟು ಹೊತ್ತು ಹೊರಗಿಟ್ಟು ಬಿಸಿಲಿಗೆ ಅಭ್ಯಾಸ ಮಾಡಿಸಿ. ನೆಡುವಾಗ ಕೆಳಗಿನ ಎಲೆ ಕಿತ್ತು, ಕಾಂಡದ ಅರ್ಧಕ್ಕಿಂತ ಜಾಸ್ತಿ ಹೂತುಬಿಡಿ. ಮಣ್ಣೊಳಗಿನ ಕಾಂಡದಲ್ಲೂ ಬೇರು ಒಡೆಯುತ್ತದೆ.

ಆಮೇಲೆ ಕಾಯಬೇಕು. ನೆಟ್ಟು ಸುಮಾರು ಮೂರು ತಿಂಗಳು, ಅದೂ ಕಾಯಿ ಕಡಿಮೆ! ಆದರೆ ಒಂದೊಂದು ಅರ್ಧ ಕೆಜಿ ತೂಗಬಹುದು, ಗಟ್ಟಿ ಕೋಲು ಕೊಡಿ. ಒಂದು ದಿನ ನೀರು ಸುರಿದು ನಾಲ್ಕು ದಿನ ಮರೆತರೆ ಹಣ್ಣು ಸೀಳುತ್ತದೆ. ಮೊದಲ ವರ್ಷ ನನ್ನವು ಅರ್ಧಕ್ಕರ್ಧ ಹಾಗೇ ಹೋದವು.

ಇದನ್ನು ಸಾರಿಗೆ ಹಾಕಿ ಕುದಿಸುವುದು ದಂಡ ಅಂತ ನನ್ನ ಅನಿಸಿಕೆ. ದಪ್ಪ ಹೋಳು ಮಾಡಿ, ಉಪ್ಪು ಉದುರಿಸಿ ತಿನ್ನಿ. ಹೈಬ್ರಿಡ್ ಅಲ್ವಲ್ಲಾ, ಬೀಜ ಎತ್ತಿಟ್ಟರೆ ಮುಂದಿನ ವರ್ಷವೂ ಇದೇ ಹಣ್ಣು ಬರುತ್ತದೆ.